ಸಾರ್ಜೆಂಟ್ ಪೆಪ್ಪರ್‌ಗೆ ಸೇರದ ಎರಡು ಹಾಡು

[ದೃಶ್ಯ: ಮೇಜಿನ ಮೇಲೆ ಹಳೇ ಕ್ಯಾಸೆಟ್. ಒಳಗಿನ ಕಾಗದದಲ್ಲಿ ನೀಲಿ ಪೆನ್ನಿನ ಬರಹ.]

ಎಂಬತ್ತು, ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಇದು ನೆನಪಿರುತ್ತದೆ. ನೋಟ್‌ಬುಕ್ಕಿನ ಹಾಳೆ ಹರಿದು ಹಾಡುಗಳ ಪಟ್ಟಿ ಬರೆಯುವುದು. ಕ್ಯಾಸೆಟ್ ಅಂಗಡಿಗೆ ಕೊಡುವುದು. ಎರಡು ದಿನ ಬಿಟ್ಟು ಹೋದರೆ ನಮ್ಮದೇ ಕ್ಯಾಸೆಟ್ ರೆಡಿ. ನಾನೂ ಒಂದು ಮಾಡಿಸಿದ್ದೆ. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಬದಿಗೆ ಮೂವತ್ತು. ಆಸೆಗೆ ಒಂದು ಹಾಡು ಜಾಸ್ತಿ ಬರೆದಿದ್ದೆ. ಅಂಗಡಿಯವರು ಲೆಕ್ಕ ನೋಡದೆ ತುಂಬಿಸಿಬಿಟ್ಟರು. ಎ ಸೈಡಿನ ಕೊನೆಯ ಹಾಡು ಎರಡನೇ ಚರಣದ ನಡುವೆ ಟಕ್ ಅಂತ ನಿಂತಿತು. ಇವತ್ತಿಗೂ ಆ ಹಾಡು ಎಲ್ಲೇ ಕೇಳಿಸಲಿ, ಆ ಜಾಗ ಬಂದಾಗ ಕಿವಿ ಟಕ್ ಅನ್ನುವುದಕ್ಕೇ ಕಾಯುತ್ತದೆ.

ಪಟ್ಟಿ ಬರೆಯುವುದು ಸುಲಭ. ಹಿಡಿಸುವುದು ಕಷ್ಟ. ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್‌ನ ಅಭಿಮಾನಿಗಳು ಬಿಡದೆ ಆಡುವ ಒಂದು ಆಟ, ಅಂದರೆ ತಂಡದ ಒಂದು ಆಲ್ಬಂನ ಹಾಡುಗಳ ಪಟ್ಟಿಯನ್ನು ತಾವೇ ತಿದ್ದಿ ಬರೆಯುವುದು, ಇದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ.

[ದೃಶ್ಯ: 1967 ಅನ್ನುವ ಅಂಕಿ. ಪಕ್ಕದಲ್ಲಿ ತಿರುಗುವ ರೆಕಾರ್ಡ್.]

1967ರ ಮೇ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಂದ ಬೀಟಲ್ಸ್ ಆಲ್ಬಂ, 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್'. ಆ ಹೆಸರಿನ ಕಾಲ್ಪನಿಕ ವಾದ್ಯವೃಂದವೊಂದು ಕಛೇರಿ ಕೊಡುತ್ತಿದೆ ಅನ್ನುವ ಹಾಗೆ ಕಟ್ಟಿದ್ದು. ಸೈಕಡೆಲಿಕ್ ರಾಕ್, ಅಂದರೆ ಕನಸು-ಭ್ರಮೆಯಂಥ ಸದ್ದುಗಳ ರಾಕ್ ಸಂಗೀತ, ಅಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಒಂದು. 13 ಹಾಡು, ಸುಮಾರು 40 ನಿಮಿಷ. ಇದನ್ನು ರೆಕಾರ್ಡ್ ಮಾಡಲು ಕೂತ ದಿನಗಳಲ್ಲೇ ಇನ್ನೆರಡು ಹಾಡು ಹುಟ್ಟಿದ್ದವು. 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಮತ್ತು 'ಪೆನ್ನಿ ಲೇನ್'. ಎರಡೂ ಫೆಬ್ರವರಿಯಲ್ಲೇ ಒಂದೇ ಸಿಂಗಲ್ ಆಗಿ, ಅಂದರೆ ಬದಿಗೊಂದು ಹಾಡಿರುವ ಚಿಕ್ಕ ರೆಕಾರ್ಡ್ ಆಗಿ, ಹೊರಟವು. ಆಲ್ಬಂನಲ್ಲಿ ಎರಡೂ ಇಲ್ಲ.

ಯಾಕೆ ಇಲ್ಲ? ಸಿಂಗಲ್ ಕೊಂಡವರು ಅದೇ ಹಾಡಿಗೆ ಆಲ್ಬಂನಲ್ಲಿ ಮತ್ತೆ ದುಡ್ಡು ಕೊಡಬಾರದು ಅನ್ನುವುದು ಆಗ ಬ್ರಿಟನ್ನಿನ ರೂಢಿ. ಒಳ್ಳೇ ರೂಢಿಯೇ. ಆದರೆ ಈ ಎರಡು ಹಾಡನ್ನು ಬಿಟ್ಟಿದ್ದು ತನ್ನ ವೃತ್ತಿಯ ಅತಿ ದೊಡ್ಡ ತಪ್ಪು ಅಂತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ ಮುಂದೆ ಒಪ್ಪಿಕೊಂಡರು. ಅಭಿಮಾನಿಗಳಿಗೆ ಇನ್ನೇನು ಬೇಕು? ಗುರುಗಳೇ ತಪ್ಪು ಅಂದಮೇಲೆ ತಿದ್ದಲು ಹೊರಟರು.

ಹಾಗಂತ ಹಾಡುಗಳ ಪಟ್ಟಿಗೆ ಕೈ ಹಾಕಿದ್ದು ಅಭಿಮಾನಿಗಳೇ ಮೊದಲಲ್ಲ. ಅಮೆರಿಕದ ಕ್ಯಾಪಿಟಲ್ ಕಂಪನಿ ಬೀಟಲ್ಸ್ ಆಲ್ಬಂಗಳನ್ನು ತನಗೆ ಬೇಕಾದ ಹಾಗೆ ಕತ್ತರಿಸುತ್ತಿತ್ತು. 1966ರ 'ರಿವಾಲ್ವರ್' ಬ್ರಿಟನ್ನಿನಲ್ಲಿ 14 ಹಾಡು, ಅಮೆರಿಕದಲ್ಲಿ 11. ಕಳೆದುಹೋದ ಮೂರೂ ತಂಡದ ಜಾನ್ ಲೆನನ್ ಅವರ ಹಾಡುಗಳು. ಪೆಪ್ಪರ್ ಮಾತ್ರ ಎರಡೂ ಕಡೆ ಒಂದೇ ಪಟ್ಟಿಯಲ್ಲಿ ಬಂತು. ಕಂಪನಿ ಕೊನೆಗೂ ಮುಟ್ಟದೆ ಬಿಟ್ಟ ಪಟ್ಟಿಯನ್ನೇ ಜನ ಮುಟ್ಟತೊಡಗಿದರು ನೋಡಿ.

[ದೃಶ್ಯ: ರೆಕಾರ್ಡಿನ ಮೇಲೆ ಮುಳ್ಳು. ಕ್ಯಾಮೆರಾ ತೀರಾ ಹತ್ತಿರ.]

ಮೊದಲ ತೊಡಕು, ಜಾಗ. ಪೆಪ್ಪರ್‌ನ ಒಂದೊಂದು ಬದಿ ಸುಮಾರು 20 ನಿಮಿಷ. ಸ್ಟ್ರಾಬೆರಿ 4 ನಿಮಿಷ 10 ಸೆಕೆಂಡ್, ಪೆನ್ನಿ ಲೇನ್ 3 ನಿಮಿಷ. ಸುಮ್ನೆ ಸೇರಿಸಿದರೆ ಒಟ್ಟು 47 ನಿಮಿಷ. ಫೋನಿನಲ್ಲಿ ಕೇಳುವವರಿಗೆ ಇದೇನು ಮಹಾ ಅನ್ನಿಸಬಹುದು. ರೆಕಾರ್ಡ್ ಹಾಗಲ್ಲ. ಅದರ ಮೇಲಿರುವುದು ಒಂದೇ ಉದ್ದನೆಯ ಸುರುಳಿ ಗೀರು. ಸದ್ದು ಜೋರಾದಷ್ಟೂ ಗೀರು ಅಗಲಕ್ಕೆ ಓಲಾಡುತ್ತದೆ, ಪಕ್ಕದ ಸುತ್ತಿನಿಂದ ದೂರ ಕೇಳುತ್ತದೆ. ನಿಮಿಷ ಜಾಸ್ತಿ ತುಂಬಿದರೆ ಸುತ್ತುಗಳನ್ನು ಒತ್ತಬೇಕು, ಹಾಗಾಗಿ ಸದ್ದು ತಗ್ಗಿಸಬೇಕು. ಇನ್ನೊಂದು, ರೆಕಾರ್ಡ್ ತಿರುಗುವುದು ಒಂದೇ ವೇಗದಲ್ಲಿ, ನಿಮಿಷಕ್ಕೆ 33 ಚಿಲ್ಲರೆ ಸುತ್ತು. ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ. ಅಷ್ಟೇ ಹೊತ್ತಿನ ಸಂಗೀತಕ್ಕೆ ಕಡಿಮೆ ಜಾಗ. ತೆಳ್ಳಗಿನ, ಚುರುಕು ನಾದಗಳು ಅಲ್ಲಿ ಮಂಕಾಗುತ್ತವೆ.

ಹಾಗಾಗಿ ಈ ಆಟವನ್ನು ಗಂಭೀರವಾಗಿ ಆಡುವವರು ತಮಗೆ ತಾವೇ ನಿಯಮ ಹಾಕಿಕೊಳ್ಳುತ್ತಾರೆ. ಎರಡು ಹಾಡು ಒಳಗೆ ಬಂದರೆ ಎರಡು ಹೊರಗೆ. ಜಗಳ ಶುರುವಾಗುವುದೇ ಆಗ.

ಹೊರಗೆ ಹಾಕುವಾಗ ಬಹಳ ಜನರ ಕೈ ಮೊದಲು ಹೋಗುವುದು ಜಾರ್ಜ್ ಹ್ಯಾರಿಸನ್ ಅವರ 'ವಿಥಿನ್ ಯೂ ವಿಥೌಟ್ ಯೂ' ಮೇಲೆ. ನನಗೆ ಇದು ಕಂಡರೆ ಸಿಟ್ಟು. ಲಂಡನ್ನಿನಲ್ಲಿದ್ದ ಭಾರತೀಯ ವಾದಕರು ದಿಲ್‌ರುಬಾ, ತಬಲಾ, ತಂಬೂರಿ, ಸ್ವರಮಂಡಲ ನುಡಿಸಿದ್ದಾರೆ. ಮಿಕ್ಕ ಮೂವರು ಬೀಟಲ್ಸ್ ಇದರಲ್ಲಿ ಇಲ್ಲವೇ ಇಲ್ಲ. ನಡುವಿನ ವಾದ್ಯಭಾಗಕ್ಕೆ ಬನ್ನಿ, ತಾಳ ಹಾಕಿ ನೋಡಿ. ಐದರ ಲೆಕ್ಕಕ್ಕೆ ತಿರುಗಿಕೊಂಡಿರುತ್ತದೆ. ನಮ್ಮಲ್ಲಿ ಖಂಡ ಅನ್ನುತ್ತೇವಲ್ಲ, ಅದೇ ಐದು. ನಾವು ತೊಡೆ ತಟ್ಟಿಕೊಂಡು ಸಲೀಸಾಗಿ ಕೇಳುವ ಜಾಗದಲ್ಲಿ ರಾಕ್ ಕೇಳುಗರು ಎಡವುತ್ತಾರೆ. ಬೇಜಾರು ಅಂದುಬಿಡುತ್ತಾರೆ.

ಈ ಹಾಡು ಎಲ್ಲಿದೆ ಅನ್ನುವುದನ್ನೂ ಗಮನಿಸಿ. ಎರಡನೇ ಬದಿಯ ಶುರುವಿಗೆ. ಅಂದರೆ ನೀವು ಎದ್ದಿದ್ದೀರಿ, ರೆಕಾರ್ಡ್ ಮಗುಚಿದ್ದೀರಿ, ವಾಪಸ್ ಬಂದು ಕೂತಿದ್ದೀರಿ. ಐದು ನಿಮಿಷದ ನಿಧಾನದ ಹಾಡಿಗೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ?

[ದೃಶ್ಯ: 13 ಹಾಡಿನ ಚೀಟಿಗಳು ಮೇಜಿನ ಮೇಲೆ. ಐದನ್ನು ಅಂಟು ಟೇಪಿನಿಂದ ಜೋಡಿಸುವ ಕೈ.]

ಎರಡನೇ ತೊಡಕು ಜಾಗಕ್ಕಿಂತ ದೊಡ್ಡದು. ಈ ಹಾಡುಗಳು ಒಂದಕ್ಕೊಂದು ಹೊಲಿದುಕೊಂಡಿವೆ. ಮೊದಲ ಹಾಡಿನ ಕೊನೆಗೆ ಒಬ್ಬ ಗಾಯಕನನ್ನು ಪರಿಚಯಿಸುತ್ತಾರೆ, ಜನ ಕಿರುಚುತ್ತಾರೆ, ಆ ಕಿರುಚಾಟದಲ್ಲೇ ಎರಡನೇ ಹಾಡು ಶುರು. ಬಿಡಿಸಲು ಆಗುವುದಿಲ್ಲ. ಕೊನೆಯ ಮೂರೂ ಹಾಗೇ. 'ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್' ಮುಗಿಯುವಾಗ ಪ್ರಾಣಿಗಳ ಮೆರವಣಿಗೆ ಹೋಗುತ್ತದೆ. ಒಂದೊಂದು ಪ್ರಾಣಿಯೂ ತನಗಿಂತ ಮೊದಲು ಬಂದದ್ದನ್ನು ಹೆದರಿಸುವಂತಿರಬೇಕು, ಇಲ್ಲವೇ ತಿನ್ನುವಂತಿರಬೇಕು ಅನ್ನುವುದು ಲೆನನ್ ಆಸೆ. ಕೊನೆಗೆ ಕೋಳಿ ಬಂದಾಗ ಆ ನಿಯಮ ಮುರಿದಿರುತ್ತದೆ, ಅದು ಬೇರೆ ಮಾತು. ಆ ಕೋಳಿಯ ಕೊಕ್ ಅನ್ನುವ ಸದ್ದೇ ಮುಂದಿನ ಹಾಡಿನ ಗಿಟಾರ್ ಸ್ವರ ಆಗುತ್ತದೆ. ಹೆಡ್‌ಫೋನ್ ಹಾಕಿ ಕೇಳಿ. ಕೋಳಿ ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ.

ಆ ಮುಂದಿನ ಹಾಡು ಶೀರ್ಷಿಕೆ ಹಾಡಿನ ಮರುಗಾಯನ. ವಾದ್ಯವೃಂದ ಧನ್ಯವಾದ ಹೇಳಿ ಹೊರಡುತ್ತದೆ. ಅದರ ಚಪ್ಪಾಳೆಯ ಕೆಳಗಿನಿಂದ 'ಎ ಡೇ ಇನ್ ದಿ ಲೈಫ್' ಮೇಲೆ ಬರುತ್ತದೆ. ನಮ್ಮ ಕಛೇರಿಗಳಲ್ಲಿ ಮಂಗಳ ಆದಮೇಲೆ ಚಾಪೆ ಸುತ್ತುತ್ತಾರೆ, ಅಲ್ವಾ? ಇಲ್ಲಿ ಮಂಗಳ ಹಾಡಿಬಿಟ್ಟು, ಆಮೇಲೆ ಪ್ರಧಾನ ಕೃತಿ ಎತ್ತಿಕೊಂಡಿದ್ದಾರೆ.

ಹೀಗೆ 13ರಲ್ಲಿ ಐದು ಹಾಡು ಅಲ್ಲಾಡುವುದಿಲ್ಲ. ಆಟ ಏನಿದ್ದರೂ ಉಳಿದ ಎಂಟರ ನಡುವೆ. ಆ ಎಂಟನ್ನು ತಂಡದವರೂ ಅಲ್ಲಾಡಿಸಿ ನೋಡಿದ್ದರು. ಮೊದಲ ಬದಿಗೆ ಅವರು ಮೊದಲು ಬರೆದ ಕ್ರಮವೇ ಬೇರೆ. ಸರ್ಕಸ್ಸಿನ ಹಾಡು 'ಮಿಸ್ಟರ್ ಕೈಟ್' ಆಗ ಮೂರನೆಯದು. ಈಗ ಅದು ಬದಿಯ ಕೊನೆಯಲ್ಲಿದೆ.

[ದೃಶ್ಯ: ಗೋಡೆ ಕ್ಯಾಲೆಂಡರ್. ನವೆಂಬರ್ 1966ರಿಂದ ಹಾಳೆ ಮಗುಚುತ್ತದೆ.]

ಈಗ ನನ್ನ ತಕರಾರು. ಪಟ್ಟಿ ಮಾಡುವವರು ಕ್ಯಾಲೆಂಡರ್ ನೋಡುವುದಿಲ್ಲ.

1966ರ ನವೆಂಬರ್ 24ಕ್ಕೆ ಸ್ಟ್ರಾಬೆರಿ ಫೀಲ್ಡ್ಸ್ ಶುರು. ಅದರಲ್ಲಿ ಎರಡು ಬೇರೆ ಬೇರೆ ಟೇಕ್‌ಗಳಿವೆ. ಶ್ರುತಿ ಬೇರೆ, ವೇಗ ಬೇರೆ. ಲೆನನ್‌ಗೆ ಒಂದರ ಶುರು ಇಷ್ಟ, ಇನ್ನೊಂದರ ಉಳಿದದ್ದು ಇಷ್ಟ. ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಟೇಪಿನ ವೇಗ ಹೆಚ್ಚು ಕಮ್ಮಿ ಮಾಡಿ ಎರಡನ್ನೂ ಅಂಟಿಸಿದರು. ಸರಿಯಾಗಿ ಒಂದು ನಿಮಿಷದ ಹತ್ತಿರ ಕಿವಿ ಕೊಡಿ. ನೆಲ ಸ್ವಲ್ಪ ಜಾರಿದಂತಾಗುತ್ತದೆ. ಡಿಸೆಂಬರ್‌ನಲ್ಲಿ 'ವೆನ್ ಐಯಾಮ್ ಸಿಕ್ಸ್ಟಿ ಫೋರ್'. ಡಿಸೆಂಬರ್ ಕೊನೆಯಿಂದ ಜನವರಿ 17ರವರೆಗೆ ಪೆನ್ನಿ ಲೇನ್.

ಸಿಂಗಲ್ ಕೊಡಿ ಅಂತ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ ಕೇಳಿದಾಗ ಕೈಯಲ್ಲಿ ಇದ್ದದ್ದು ಇವು ಮೂರೇ. ಒಳ್ಳೆಯ ಎರಡನ್ನು ಕೊಟ್ಟರು. (ಅಷ್ಟು ಮಾಡಿಯೂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ನಿಂತಿತು.) ಪೆಪ್ಪರ್ ಶೀರ್ಷಿಕೆ ಹಾಡಿನ ರೆಕಾರ್ಡಿಂಗ್ ಶುರುವಾಗಿದ್ದು ಫೆಬ್ರವರಿ 1ಕ್ಕೆ. ಅಂದರೆ ಆ ಎರಡು ಹಾಡು ಮುಗಿದಾಗ 'ಸಾರ್ಜೆಂಟ್ ಪೆಪ್ಪರ್' ಅನ್ನುವ ಆಲ್ಬಂ ಇರಲೇ ಇಲ್ಲ. ಅವು ಲಿವರ್‌ಪೂಲ್‌ನ ಬಾಲ್ಯದ ಬಗ್ಗೆ ಶುರುವಾಗಿ ಅಲ್ಲೇ ನಿಂತುಹೋದ ಇನ್ನೊಂದು ಆಲ್ಬಂನ ಹಾಡುಗಳು ಅನ್ನುತ್ತಾರೆ. ಬಣ್ಣದ ಸಮವಸ್ತ್ರದ ವಾದ್ಯವೃಂದಕ್ಕೆ ಅವನ್ನು ತಂದು ಸೇರಿಸಿದರೆ ಬೇರೆ ಮದುವೆಯ ನೆಂಟರ ಹಾಗೆ ಕಾಣುತ್ತವೆ.

ಅದಕ್ಕೇ ನನ್ನ ನಿಯಮ ಇದು. ಫೆಬ್ರವರಿಯಲ್ಲಿ ಒಂದು ಸಿಂಗಲ್ ಬರಲೇಬೇಕು, ಮತ್ತು ಆ ಹೊತ್ತಿಗೆ ಸಿದ್ಧವಿದ್ದ ಹಾಡುಗಳೇ ಅದರಲ್ಲಿರಬೇಕು.

[ದೃಶ್ಯ: ಚೀಟಿಗಳು ಹೊಸ ಕ್ರಮಕ್ಕೆ ಬರುತ್ತವೆ.]

ವಾರವಿಡೀ ಕೂತು ಜೋಡಿಸಿದೆ. ಪೆನ್ನಿ ಲೇನ್ ಎಲ್ಲಿಟ್ಟರೂ ಒಗ್ಗಲಿಲ್ಲ. ಬಿಸಿಲಿನ ಹಾಡು, ಪಕ್ಕದವರ ಬಣ್ಣವನ್ನೆಲ್ಲ ಮಂಕು ಮಾಡುತ್ತದೆ. ಅದು ಸಿಂಗಲ್ ಆಗಿಯೇ ಹೋಗಲಿ. ಸ್ಟ್ರಾಬೆರಿಗೆ ಮಾತ್ರ ಒಂದೇ ಒಂದು ಜಾಗ ಸಿಕ್ಕಿತು. ಮೊದಲ ಬದಿಯ ಕೊನೆ. ಕೈಟ್ ಅನ್ನು ತಂಡದವರ ಹಳೇ ಯೋಚನೆಯಂತೆ ಮೂರಕ್ಕೆ ತಂದೆ. ಆಮೇಲೆ 'ಲೂಸಿ', 'ಗೆಟಿಂಗ್ ಬೆಟರ್', 'ಶೀಸ್ ಲೀವಿಂಗ್ ಹೋಮ್'. ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ. ಮರುಕ್ಷಣ ಸ್ಟ್ರಾಬೆರಿ. ಸ್ಟ್ರಾಬೆರಿ ಫೀಲ್ಡ್ ಅಂದರೆ ಲೆನನ್ ಬೆಳೆದ ಮನೆಯ ಹತ್ತಿರ ಸಾಲ್ವೇಶನ್ ಆರ್ಮಿಯವರು ನಡೆಸುತ್ತಿದ್ದ ಮಕ್ಕಳ ಆಶ್ರಮ. ಇನ್ನೊಂದು ಲಾಭ ಇದೆ. ಆ ಹಾಡು ಕೊನೆಗೆ ಮೆಲ್ಲಗೆ ಆರಿಹೋಗುತ್ತದೆ, ಆಮೇಲೆ ತಿರುಗಿ ಬರುತ್ತದೆ. ಮುಗಿಯಿತು ಅಂತ ರೆಕಾರ್ಡ್ ಮಗುಚಲು ಎದ್ದವರು ಕೈ ಚಾಚಿದಲ್ಲೇ ನಿಲ್ಲಬೇಕು.

ಬದಿಯ ಉದ್ದ ಸುಮಾರು 21 ನಿಮಿಷ 25 ಸೆಕೆಂಡ್. ರೆಕಾರ್ಡಿಗೆ ಹಿಡಿಸುತ್ತದೆ.

ಪೆನ್ನಿ ಲೇನ್‌ಗೆ ಜೋಡಿ ಬೇಕಲ್ಲ? ಜನವರಿಯಲ್ಲಿ ಉಳಿದಿದ್ದು 'ಸಿಕ್ಸ್ಟಿ ಫೋರ್' ಒಂದೇ. ಅದನ್ನು ಎರಡನೇ ಬದಿಯಿಂದ ಎತ್ತಿದೆ. ಮೊದಲ ಬದಿಯಿಂದ ಹೊರಗೆ ಬಿದ್ದಿದ್ದ 'ಫಿಕ್ಸಿಂಗ್ ಎ ಹೋಲ್' ಆ ಜಾಗಕ್ಕೆ ಬಂತು. ಒಂದು 2:37, ಇನ್ನೊಂದು 2:36. ಒಂದೇ ಸೆಕೆಂಡ್ ವ್ಯತ್ಯಾಸ. ಇದನ್ನು ನೋಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ.

ನಷ್ಟ ಇಲ್ಲ ಅಂತಲ್ಲ. ಹ್ಯಾರಿಸನ್ ಹಾಡು ಮುಗಿಯುವಾಗ ಒಂದಿಷ್ಟು ಜನ ನಗುತ್ತಾರೆ. ಆ ನಗುವಿನ ಬೆನ್ನಿಗೆ ಸಿಕ್ಸ್ಟಿ ಫೋರ್‌ನ ಕ್ಲಾರಿನೆಟ್ ಬರುವಾಗ ಏನೋ ಒಂದು ಹಗುರ. ನನ್ನ ಪಟ್ಟಿಯಲ್ಲಿ ಆ ನಗು ಹೋಗಿ 'ಫಿಕ್ಸಿಂಗ್ ಎ ಹೋಲ್' ಶುರುವಿನ ಹಾರ್ಪ್ಸಿಕಾರ್ಡ್‌ಗೆ, ಅಂದರೆ ಪಿಯಾನೊದಂಥ ಹಳೇ ವಾದ್ಯಕ್ಕೆ, ಡಿಕ್ಕಿ ಹೊಡೆಯುತ್ತದೆ. ಹತ್ತು ಸಲ ಕೇಳಿದೆ. ಹತ್ತು ಸಲವೂ ಚುಚ್ಚಿತು.

[ದೃಶ್ಯ: ಖಾಲಿ ಕ್ಯಾಸೆಟ್ ಕಾಗದ, ಪಕ್ಕದಲ್ಲಿ ನೀಲಿ ಪೆನ್.]

ನಿಮ್ಮ ಪಟ್ಟಿಯನ್ನೂ ಕಳಿಸಿ. ಆದರೆ ಯಾವ ಹಾಡು ಸೇರಿಸಿದಿರಿ ಅಂತ ಆಮೇಲೆ ಹೇಳಿ. ಯಾವುದನ್ನು ತೆಗೆದಿರಿ, ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ.