ಅಂಬಾರಿ ಯಾಕೆ ಪ್ಲಾಸ್ಟಿಕ್ ಆಗುತ್ತೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಯೋ ಹುಡುಗರಿಗೆ ನಿಮಗಿಷ್ಟವಾದದ್ದು ಏನಾದರೂ ಮಾಡ್ರಪ್ಪ ಅಂದರೆ, ಹೆಚ್ಚಿನವರು ಕೈಹಾಕೋದು ಚಿನ್ನದ ಅಂಬಾರಿಗೇ. ಆಕಾರ ಚೆನ್ನಾಗೇ ಬಂದಿರುತ್ತೆ. ಬಣ್ಣ ಹಚ್ಚಿ ಬೆಳಕು ಬಿಟ್ಟರೆ ಮಾತ್ರ, ಸುಮಾರು 750 ಕಿಲೋ ತೂಗುವ ಅಂಬಾರಿ ಜಾತ್ರೆಯಲ್ಲಿ ಮಾರೋ ಹಳದಿ ಆಟಿಕೆ ಆಗಿ ಕೂತಿರುತ್ತೆ.

ಕಂಪ್ಯೂಟರ್ ತೆರೆಯ ಪ್ರತಿ ಚುಕ್ಕೆಗೂ ಯಾವ ಬಣ್ಣ ಬರಬೇಕು ಅಂತ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮಿಗೆ ಶೇಡರ್ ಅಂತಾರೆ. 1975ರಲ್ಲಿ ಬುಯಿ ಟುವಾಂಗ್ ಫಾಂಗ್ ಅನ್ನೋ ಸಂಶೋಧಕ ಪ್ರಕಟಿಸಿದ ಸೂತ್ರ ಇವತ್ತಿಗೂ ಪಾಠದಲ್ಲಿ ಮೊದಲು ಬರುತ್ತೆ: ವಸ್ತುವಿಗೊಂದು ಬಣ್ಣ, ಅದರ ಮೇಲೊಂದು ಬಿಳಿ ಮಿಂಚು. ಪ್ಲಾಸ್ಟಿಕ್ಕಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಲೋಹಕ್ಕೆ ಹೊಂದಲ್ಲ.

ಬೇಕಾದರೆ ಮನೆಯಲ್ಲೇ ನೋಡಿ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಚೊಂಬನ್ನೂ ಹಳದಿ ಪ್ಲಾಸ್ಟಿಕ್ ಮಗ್ಗನ್ನೂ ಟ್ಯೂಬ್‌ಲೈಟಿನ ಕೆಳಗೆ ಅಕ್ಕಪಕ್ಕ ಇಡಿ. ಮಗ್ಗಿನ ಮೇಲೆ ಮೂಡುವ ಟ್ಯೂಬಿನ ಬಿಂಬ ಬೆಳ್ಳಗಿರುತ್ತೆ. ಚೊಂಬಿನ ಮೇಲಿನ ಬಿಂಬ ಹಳದಿ. ಪ್ಲಾಸ್ಟಿಕ್ಕಿನಲ್ಲಿ ಬೆಳಕು ಒಳಗೆ ಹೊಕ್ಕು, ಚದುರಿ, ಬಣ್ಣ ಪಡೆದು ಹೊರಗೆ ಬರುತ್ತೆ. ಮೇಲ್ಮೈಯಿಂದ ನೇರವಾಗಿ ಪುಟಿಯೋದು ನೂರಕ್ಕೆ ನಾಲ್ಕು ಪಾಲಷ್ಟೆ, ಅದಕ್ಕೆ ಬಣ್ಣವಿಲ್ಲ. ಲೋಹದೊಳಗೆ ಹೋದ ಬೆಳಕನ್ನು ಅಲ್ಲಿ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳು ನುಂಗಿಬಿಡುತ್ತವೆ. ಹೊರಗೆ ಕಾಣೋದೆಲ್ಲ ಪ್ರತಿಫಲನವೇ. ಚಿನ್ನ ಕೆಂಪನ್ನು ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೆ ಕಳಿಸುತ್ತೆ, ಹಸಿರನ್ನು ಮುಕ್ಕಾಲು ಪಾಲು, ನೀಲಿಯನ್ನು ಮೂರನೇ ಒಂದು ಪಾಲು. ಬೆಳ್ಳಿ ಮೂರನ್ನೂ ನೂರಕ್ಕೆ ತೊಂಬತ್ತರ ಮೇಲೆ. ಅದಕ್ಕೇ ಲೋಹದ ಶೇಡರಿನಲ್ಲಿ ಮೈಬಣ್ಣ ಅನ್ನೋದನ್ನ ಸೊನ್ನೆ ಮಾಡಿ, ಆ ಬಣ್ಣವನ್ನೆಲ್ಲ ಪ್ರತಿಫಲನಕ್ಕೆ ಕೊಡಬೇಕು.

ಹಾಗೆ ಮಾಡಿದ ತಕ್ಷಣ ಅಂಬಾರಿ ಕಪ್ಪಗಾಗುತ್ತೆ! ಹುಡುಗರು ಗಾಬರಿ ಬೀಳೋದು ಇಲ್ಲೇ. ಲೆಕ್ಕ ಸರಿಯಾಗೇ ಇದೆ. ಪ್ರತಿಫಲಿಸೋಕೆ ಸುತ್ತ ಏನೂ ಇಲ್ಲ, ಅಷ್ಟೆ. ಜಂಬೂಸವಾರಿಯಲ್ಲಿ ಅಂಬಾರಿಯ ಮಂಟಪದ ಮೇಲೆ ಆಕಾಶ, ಪಕ್ಕದಲ್ಲಿ ಜನ, ಬುಡದಲ್ಲಿ ಆನೆಯ ಜೂಲು. ಇದೆಲ್ಲ ಚಿನ್ನದ ಮೇಲೆ ಮೂಡಬೇಕು. ಸುತ್ತಲಿನ ದೃಶ್ಯವನ್ನು ಚಿತ್ರವಾಗಿ ಹಿಡಿದು ವಸ್ತುವಿನ ಮೇಲೆ ಬೀಳಿಸುವ ಉಪಾಯವನ್ನು ಬ್ಲಿನ್ ಮತ್ತು ನ್ಯೂವೆಲ್ 1976ರಲ್ಲೇ ತೋರಿಸಿದ್ದರು. ಈಗ ಸಾಮಾನ್ಯವಾಗಿ ಆರು ಮುಖದ ಪೆಟ್ಟಿಗೆಯಾಗಿ ಆ ಚಿತ್ರವನ್ನು ಇಡ್ತಾರೆ. ಮಾಮೂಲಿ ಫೋಟೋ ಸಾಲದು. ಅದರಲ್ಲಿ ಬಿಳಿ ಗೋಡೆಯೂ ಸೂರ್ಯನೂ ಒಂದೇ ಬಿಳುಪು. ಸೂರ್ಯ ಎಷ್ಟೋ ಸಾವಿರ ಪಟ್ಟು ಪ್ರಖರ ಅನ್ನೋದು ಕಡತದಲ್ಲಿ ಉಳಿದಿರಬೇಕು.

ಇನ್ನು ಒರಟುತನ. ಕಣ್ಣಿಗೆ ನುಣುಪಾಗಿ ಕಂಡರೂ ಲೋಹದ ಮೇಲ್ಮೈಯಲ್ಲಿ ದಿಕ್ಕಿಗೊಂದು ವಾಲಿದ ಸಣ್ಣ ಸಣ್ಣ ಮುಖಗಳಿರುತ್ತವೆ. ಕುಕ್ ಮತ್ತು ಟಾರೆನ್ಸ್ 1982ರಲ್ಲಿ ಇದನ್ನು ಸೂತ್ರಕ್ಕೆ ತಂದರು. ಈಗ ಹೆಚ್ಚು ಬಳಕೆಯಲ್ಲಿರೋದು 2007ರಲ್ಲಿ ಬಂದ ಜಿಜಿಎಕ್ಸ್ ಅನ್ನೋ ಸೂತ್ರ. ಮಿಂಚಿನ ಸುತ್ತ ಅದು ಬಿಡೋ ಮಸುಕು ಪ್ರಭೆ ನನಗಂತೂ ಬಹಳ ಇಷ್ಟ. ಒರಟುತನ ಎಲ್ಲ ಕಡೆ ಒಂದೇ ಸಮ ಇಟ್ಟರೆ ಮತ್ತೆ ಆಟಿಕೆಯೇ. ಕೈ ಸವೆಸಿದ ಅಂಚು ನುಣ್ಣಗೆ, ಕೆತ್ತನೆಯ ಸಂದಿ ಮಂಕು, ನಡುವೆ ಒಂದು ಬೆರಳಚ್ಚು. ಸ್ಟೀಲ್ ತಟ್ಟೆಯಲ್ಲಿ ದುಂಡಗೆ ಸುತ್ತಿದ ಗೀರುಗಳಿದ್ದರೆ, ಬೆಳಕು ಅದರಲ್ಲಿ ಬೀಸಣಿಗೆಯ ಹಾಗೆ ಎರಡು ಕಡೆ ಬಿಚ್ಚಿಕೊಳ್ಳುತ್ತೆ. ಅದಕ್ಕೆ ಗೀರಿನ ದಿಕ್ಕನ್ನೂ ಶೇಡರಿಗೆ ಹೇಳಬೇಕು.

ಅಂಬಾರಿ ಮಾಡೋ ಹುಡುಗರಿಗೆ ಒಂದು ಮಾತು. ಸುತ್ತಲಿನ ಚಿತ್ರ ತೆಗೆಯೋಕೆ ಅರಮನೆ ಮುಂದೆ ಬೆಳಿಗ್ಗೆ, ಜನ ಇಲ್ಲದಾಗ ಹೋಗಬೇಡಿ. ಖಾಲಿ ಮೈದಾನ ಹೊಳೆಯೋ ಚಿನ್ನದಲ್ಲಿ ದಸರಾ ಎಲ್ಲಿಂದ ಬರಬೇಕು? ನಮಸ್ಕಾರ.