ಚಿಪ್ ಕೆಟ್ಟಿದೆಯಾ, ಪಿನ್ ತಾಗಿಲ್ಲವಾ?

[ದೃಶ್ಯ: ಟಿವಿ ರಿಮೋಟ್, ಹಿಂದಿನ ಮುಚ್ಚಳ ತೆಗೆದಿದೆ. ಹೆಬ್ಬೆರಳಲ್ಲಿ ಸೆಲ್ ತಿರುಗಿಸುತ್ತಿರುವ ಕೈ.]

ನಮಸ್ಕಾರ. ಈ ಕೈ ನಮ್ಮಜ್ಜಿಯದು. ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಮನೆ. ರಿಮೋಟ್ ಕೈಕೊಟ್ಟರೆ ಅಜ್ಜಿ ಹೊಸ ಸೆಲ್ ತರಿಸಲ್ಲ. ಮುಚ್ಚಳ ತೆಗೆದು, ಇದ್ದ ಸೆಲ್ಲನ್ನೇ ಎರಡು ಸುತ್ತು ತಿರುಗಿಸ್ತಾರೆ. ಚಾನೆಲ್ ಬದಲಾಗುತ್ತೆ! ಸೆಲ್‌ನಲ್ಲಿ ಚಾರ್ಜ್ ಒಂದು ಚೂರೂ ಹೆಚ್ಚಾಗಿಲ್ಲ. ತುದಿ ಮೇಲೆ ಕೂತಿದ್ದ ಆಕ್ಸೈಡ್ ಪೊರೆ ಉಜ್ಜಿದಾಗ ಹರಿದು, ಲೋಹಕ್ಕೆ ಲೋಹ ಸಿಕ್ಕಿತು, ಅಷ್ಟೇ.

ಕಂಪ್ಯೂಟರ್ ಚಿಪ್ ಟೆಸ್ಟ್ ಮಾಡುವ ಕಡೆ ಅಜ್ಜಿಯ ಹೆಬ್ಬೆರಳಿನ ಕೆಲಸವನ್ನು ಕೂದಲಿನಂಥ ಸೂಜಿಗಳು ಮಾಡಬೇಕು. ಸಾವಿರ ಸೂಜಿ ಒಟ್ಟಿಗೆ, ಲಕ್ಷ ಸಲ.

[ದೃಶ್ಯ: ಟೆಸ್ಟ್ ಸೂಜಿಗಳನ್ನು ಜೋಡಿಸಿದ ಹಲಗೆಯ (ಪ್ರೋಬ್ ಕಾರ್ಡ್) ಚಿತ್ರ. ಬಾಗಿದ ಸೂಜಿಗಳು.]

ಮೊದಲ ಟೆಸ್ಟ್ ವೇಫರ್ ಹಂತದಲ್ಲೇ, ಅಂದರೆ ಚಿಪ್‌ಗಳಿರೋ ಸಿಲಿಕಾನ್ ಬಿಲ್ಲೆಯನ್ನು ಕತ್ತರಿಸೋ ಮೊದಲೇ ಆಗುತ್ತೆ. ಚಿಪ್ಪಿಗೆ ಕರೆಂಟ್ ಹೋಗಿಬರೋ ಅಲ್ಯೂಮಿನಿಯಂ ಪ್ಯಾಡ್ ಮೇಲಿನ ಆಕ್ಸೈಡ್ ಕೆಲವೇ ನ್ಯಾನೋಮೀಟರ್ ದಪ್ಪ, ಆದರೆ ಕರೆಂಟ್ ತಡೆಯೋಕೆ ಅಷ್ಟೇ ಸಾಕು. ಅದಕ್ಕೆ ಟಂಗ್‌ಸ್ಟನ್ ಸೂಜಿ ತಾಗಿದ ಮೇಲೂ ವೇಫರನ್ನು ಇನ್ನೊಂದು 50ರಿಂದ 75 ಮೈಕ್ರಾನ್ ಮೇಲೆತ್ತುತ್ತಾರೆ. ಇದಕ್ಕೆ ಓವರ್‌ಡ್ರೈವ್ ಅಂತಾರೆ. ಸೂಜಿ ಬಾಗುತ್ತೆ, ತುದಿ ಮುಂದಕ್ಕೆ ಜಾರಿ ಗೀರು ಎಳೆಯುತ್ತೆ. ಗೀರು ಸಾಲದಿದ್ದರೆ ಪೊರೆ ಹರಿಯಲ್ಲ. ಅತಿಯಾದರೆ ಪ್ಯಾಡೇ ಕಿತ್ತುಬಂದು, ಆಮೇಲೆ ತಂತಿ ಬೆಸೆಯೋಕೆ ಜಾಗ ಇರಲ್ಲ.

ಚಿಪ್ಪನ್ನು ಕತ್ತರಿಸಿ ಕವಚದೊಳಗೆ ಕೂರಿಸಿ ಪ್ಯಾಕೇಜ್ ಮಾಡಿದಮೇಲೆ ಇನ್ನೊಂದು ಟೆಸ್ಟ್. ಅಲ್ಲಿ ಬರೋದು ಪೋಗೋ ಪಿನ್. ನನಗೆ ತುಂಬಾ ಇಷ್ಟವಾದ ಭಾಗ ಇದು.

[ದೃಶ್ಯ: ಬಿಳಿ ಹಾಳೆ ಮೇಲೆ ಬಿಚ್ಚಿಟ್ಟ ಪಿನ್. ಕೊಳವೆ, ಕಡ್ಡಿ, ಸ್ಪ್ರಿಂಗ್. ಪಕ್ಕದಲ್ಲಿ ರಾಗಿ ಕಾಳು.]

ಒಂದು ಸಣ್ಣ ಕೊಳವೆ, ಒಳಗೆ ಸ್ಪ್ರಿಂಗ್, ಮೇಲೆ ಕೆಳಗೆ ಆಡುವ ಕಡ್ಡಿ. ನಮ್ಮ ದೊಡ್ಡಪ್ಪ ಇಲ್ಲೇ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಹಳೇ ಪಿನ್ ಒಂದನ್ನು ಅವರ ಕೈಗೆ ಕೊಟ್ಟೆ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದವರೇ, "ಇದು ಒಂದೇ ಮಗ್ಗುಲು ಸವೆದಿದೆಯಲ್ಲೋ, ಯಾರೋ ಓರೆ ಮಾಡಿದ್ದಾರೆ" ಅಂದರು. ಎಷ್ಟು ಸರಿಯಾಗಿ ಹಿಡಿದರು ನೋಡಿ! ಅದು ತಪ್ಪಲ್ಲ, ಬೇಕಂತಲೇ ಮಾಡಿರೋದು. ಕಡ್ಡಿಯ ಬುಡವನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಸ್ಪ್ರಿಂಗ್ ಒತ್ತಿದಾಗ ಕಡ್ಡಿ ಪಕ್ಕಕ್ಕೆ ವಾಲಿ ಕೊಳವೆಯ ಗೋಡೆಗೆ ಒರಗುತ್ತೆ. ಕರೆಂಟ್ ಗೋಡೆ ಹಿಡಿದು ಹೋಗುತ್ತೆ. ಕಡ್ಡಿ ನೆಟ್ಟಗೆ ಮಧ್ಯದಲ್ಲೇ ನಿಂತುಬಿಟ್ಟರೆ ಕರೆಂಟಿಗೆ ಉಳಿಯೋ ದಾರಿ ಸ್ಪ್ರಿಂಗ್ ಒಂದೇ. ಅದು ಸಣ್ಣ ತಂತಿ, ಸುರುಳಿ ಬೇರೆ. ವೇಗದ ಸಿಗ್ನಲ್ ಅಲ್ಲಿ ತಡವರಿಸುತ್ತೆ. ಕರೆಂಟ್ ಹೆಚ್ಚಿದ್ದರೆ ಸ್ಪ್ರಿಂಗ್ ಕಾದು ಬಿಗಿ ಕಳ್ಕೊಳ್ಳುತ್ತೆ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿ ಜೋರಾಗಿ ಒತ್ತಿಬಿಟ್ಟರೆ? ಎರಡು ಲೋಹ ತಾಗಿದಾಗ ನಿಜವಾಗಿ ಮುಟ್ಟೋದು ಕೆಲವೇ ಉಬ್ಬುಗಳು ಮಾತ್ರ. ಒತ್ತಡ ಹೆಚ್ಚಾದರೆ ಉಬ್ಬು ಚಪ್ಪಟೆಯಾಗಿ ಕರೆಂಟಿಗೆ ಆಗೋ ಅಡ್ಡಿ, ಅಂದರೆ ರೆಸಿಸ್ಟೆನ್ಸ್, ಇಳಿಯುತ್ತೆ ನಿಜ. ಆದರೆ ಪೊರೆ ಇಲ್ಲದ ಸ್ವಚ್ಛ ಲೋಹದಲ್ಲೂ ಅದು ಅರ್ಧಕ್ಕಿಳಿಯಬೇಕಾದರೆ ಒತ್ತಡ ನಾಲ್ಕು ಪಟ್ಟು ಬೇಕು. ಒಂದು ಪಿನ್ನಿಗೆ 30 ಗ್ರಾಂ ಅಂದುಕೊಳ್ಳಿ. ಸಾವಿರ ಪಿನ್ನಿಗೆ 30 ಕೆ.ಜಿ., 25 ಕೆ.ಜಿ.ಯ ಒಂದು ಅಕ್ಕಿ ಮೂಟೆಗಿಂತ ಹೆಚ್ಚು. ನಾಲ್ಕು ಪಟ್ಟು ಮಾಡಿದರೆ ಚಿಪ್ಪಿನ ಗತಿ ಏನು?

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಎರಡು ತುದಿ. ಒಂದು ಹೊಸದು, ಇನ್ನೊಂದು ಬೂದು ಬಣ್ಣಕ್ಕೆ ತಿರುಗಿದ್ದು.]

ಇನ್ನು ತುದಿ. ಚಿನ್ನಕ್ಕೆ ತುಕ್ಕು ಹಿಡಿಯಲ್ಲ, ಅದಕ್ಕೇ ಪಿನ್ನಿಗೆ ಚಿನ್ನದ ಲೇಪ ಕೊಡ್ತಾರೆ. ಆದರೆ ಚಿಪ್ಪನ್ನು ಬೋರ್ಡಿಗೆ ಬೆಸೆಯೋಕೆ ಅದರ ತಳದಲ್ಲಿರೋ ಸೋಲ್ಡರ್ ಉಂಡೆಗಳಲ್ಲಿ ಇರೋದು ಬಹುಪಾಲು ತವರ. ಪ್ರತಿ ಒತ್ತಿಗೂ ಒಂದಿಷ್ಟು ತವರ ಚಿನ್ನಕ್ಕೆ ಮೆತ್ತಿಕೊಳ್ಳುತ್ತೆ, ಗಾಳಿ ತಾಗಿ ಆಕ್ಸೈಡ್ ಆಗುತ್ತೆ. ಅದರ ಮೇಲೆ ಮತ್ತೆ ತವರ. ಲೇಪ ಸವೆದರೆ ಒಳಗಿನ ನಿಕಲ್ ಬಯಲು. ಸೋಲ್ಡರ್ ಮುಟ್ಟುವ ಪಿನ್ನಿಗೆ ನಾನಾದರೆ ಲೇಪ ಬಿಟ್ಟು, ಪೂರ್ತಿ ಪಲ್ಲೇಡಿಯಂ ಮಿಶ್ರಲೋಹದ ಕಡ್ಡಿ ಆರಿಸ್ತೀನಿ. ದುಬಾರಿ, ಆದರೆ ಎಷ್ಟು ಸವೆದರೂ ಒಳಗೆ ಅದೇ ಲೋಹ. ಉಜ್ಜಿ ಸ್ವಚ್ಛ ಮಾಡೋಕೂ ಧೈರ್ಯ ಬರುತ್ತೆ. ತುದಿ ಕಿರೀಟದ ಹಾಗೆ ಹಲ್ಲುಹಲ್ಲಾಗಿರಬೇಕು. ಹಲ್ಲುಗಳು ಉಂಡೆಯ ಪಕ್ಕೆ ಕಚ್ಚುತ್ತವೆ, ತಳಕ್ಕೆ ಗಾಯ ಆಗಲ್ಲ.

ಇದನ್ನ ಇಷ್ಟು ಹೇಳೋಕೆ ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಕಂಪನಿಯ ಟೆಸ್ಟ್ ಫ್ಲೋರ್‌ನಲ್ಲಿ ಒಂದು ಇಡೀ ಪಾಳಿ ಚಿಪ್‌ಗಳು ಫೇಲ್ ಆಗ್ತಾನೇ ಇದ್ದವು. ತಿರುಗಿ ಈ ಪಿನ್‌ಗಳಿರೋ ಸಾಕೆಟ್‌ಗೆ ಹಾಕಿ ಒತ್ತಿದರೆ ಅರ್ಧಕ್ಕರ್ಧ ಪಾಸ್. ಬೆಳಗಿನ ಟ್ರೇನಿಗೆ ತುಮಕೂರಿಗೆ ವಾಪಸ್ ಬರೋವಾಗಲೂ ತಲೆಯಲ್ಲಿ ಅದೇ. ಮಾರನೇ ದಿನ ಸಿಕ್ಕಿತು: ಕರೆಂಟ್ ವಾಪಸ್ ಹೋಗೋ ಗ್ರೌಂಡ್ ಪಿನ್‌ಗಳ ತುದಿ ತುಂಬಾ ತವರ. ಲೆಕ್ಕ ಹಾಕಿ ನೋಡಿ. ಚಿಪ್ಪಿಗೆ ಕೊಡೋದು 0.8 ವೋಲ್ಟ್. ಒಂದು ಆಂಪಿಯರ್ ಹರಿಯುವ ದಾರಿಯಲ್ಲಿ ರೆಸಿಸ್ಟೆನ್ಸ್ 100 ಮಿಲಿಓಮ್, ಅಂದರೆ 0.1 ಓಮ್ ಹೆಚ್ಚಾದರೆ 0.1 ವೋಲ್ಟ್ ಅಲ್ಲೇ ಖೋತಾ, ಎಂಟರಲ್ಲಿ ಒಂದು ಪಾಲು. ಚಿಪ್ ಚೆನ್ನಾಗಿಯೇ ಇತ್ತು, ಅದರ ಹೊಟ್ಟೆಗೆ ಸರಿಯಾಗಿ ಬೀಳ್ತಿರಲಿಲ್ಲ.

ನಿಖರವಾಗಿ ಅಳೆಯಬೇಕಾದ ಕಡೆ ಕೆಲ್ವಿನ್ ಪದ್ಧತಿ ಇದೆ. ಕರೆಂಟ್ ಒಯ್ಯೋಕೆ ಒಂದು ಪಿನ್, ವೋಲ್ಟೇಜ್ ಓದೋಕೆ ಪಕ್ಕದಲ್ಲೇ ಇನ್ನೊಂದು. ಓದುವ ಪಿನ್ನಲ್ಲಿ ಕರೆಂಟ್ ಹೆಚ್ಚುಕಮ್ಮಿ ಹರಿಯೋದೇ ಇಲ್ಲ, ಹಾಗಾಗಿ ಅದರ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರಲ್ಲ.

[ದೃಶ್ಯ: ಮೇಜಿನ ಮೇಲೆ ಪಿನ್ ಒತ್ತುತ್ತಿರುವ ಸಣ್ಣ ಯಂತ್ರ. ಪಕ್ಕದಲ್ಲಿ ಎಣಿಕೆ ಏರುತ್ತಿದೆ.]

ಪಿನ್ ಆರಿಸುವಾಗ ಸರಾಸರಿ ರೆಸಿಸ್ಟೆನ್ಸ್ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಹತ್ತು ಸಾವಿರ ಸಲ ಒತ್ತಿ, ಪ್ರತಿ ಒತ್ತಿನದೂ ಬರೆದುಕೊಳ್ಳಿ. ನಿಮ್ಮ ಚಿಪ್ಪನ್ನ ಕಾಯಿಸಿ ಟೆಸ್ಟ್ ಮಾಡೋದಾದರೆ ಈ ಪರೀಕ್ಷೆಯೂ ಆ ಬಿಸಿಯಲ್ಲೇ ಆಗಬೇಕು. ಸರಾಸರಿ 40 ಮಿಲಿಓಮ್ ಬರಬಹುದು. ಒಂದೇ ಒಂದು ಒತ್ತು 900 ತೋರಿಸಿದ್ದರೆ, ಆ ಗಳಿಗೆಯಲ್ಲಿ ಪಿನ್ನಿನ ಕೆಳಗಿದ್ದ ಒಳ್ಳೇ ಚಿಪ್ ಕಸದ ಡಬ್ಬಿಗೆ ಹೋಗಿರುತ್ತೆ.