ಪೋರ್ಟ್ ಅಂದರೆ ಯಾವ ಪೋರ್ಟ್?

ಪರದೆಯ ಮೇಲೆ ಕಾಣುತ್ತಿದೆಯಲ್ಲ, ಕ್ಯಾಮೆರಾದಿಂದ ವಿಡಿಯೊ ಕಂಪ್ಯೂಟರಿಗೆ ಇಳಿಯುತ್ತಿದೆ. ಇಳಿಯುತ್ತಿದೆ ಅನ್ನುವುದಕ್ಕಿಂತ ತೆವಳುತ್ತಿದೆ ಅನ್ನಬೇಕು. ಅಷ್ಟರಲ್ಲಿ ಪೋರ್ಟ್ ಎಂಬ ಪದದ ವಿಚಾರ ಮಾತನಾಡಿಬಿಡೋಣ. ಸದ್ಯಕ್ಕೆ ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಕೇಬಲ್ ಚುಚ್ಚಿರುವ ಈ ಕಿಂಡಿ ಯುಎಸ್‌ಬಿ ಟೈಪ್-ಸಿ ಪೋರ್ಟ್, 2014ರಲ್ಲಿ ಬಂದದ್ದು. ಒಳಗೆ 24 ಪಿನ್‌ಗಳು, ಮೇಲೆ ಹನ್ನೆರಡು, ಕೆಳಗೆ ಹನ್ನೆರಡು. ಹಾಗಾಗಿ ಕೇಬಲನ್ನು ಹೇಗೆ ತಿರುಗಿಸಿ ಚುಚ್ಚಿದರೂ ಕೂರುತ್ತದೆ. ಅಷ್ಟು ಮಟ್ಟಿಗೆ ಭೇಷ್. ಆದರೆ ಕಿಂಡಿಯ ಆಕಾರಕ್ಕೂ ಅದರ ಯೋಗ್ಯತೆಗೂ ಸಂಬಂಧವೇ ಇಲ್ಲ! ಒಂದು ಕಿಂಡಿ ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ ಇನ್ನೊಂದು 40 ಗಿಗಾಬಿಟ್. ಒಂದಕ್ಕೆ ಮಾನಿಟರ್ ಜೋಡಿಸಬಹುದು, ಇನ್ನೊಂದಕ್ಕೆ ಜೋಡಿಸಿದರೆ ಪರದೆ ಕಪ್ಪು. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕೇಬಲ್‌ಗಳದ್ದೂ ಇದೇ ಹಣೆಬರಹ. ಫೋನಿನ ಜೊತೆ ಬಂದ ಈ ಬಿಳಿ ಕೇಬಲ್ 480ರದ್ದು. 64 ಗಿಗಾಬೈಟ್ ಕಾರ್ಡ್ ತುಂಬಿದ್ದರೆ (ಒಂದು ಬೈಟ್ ಅಂದರೆ ಎಂಟು ಬಿಟ್) ಬರೀ ಲೆಕ್ಕದಲ್ಲೇ ಸುಮಾರು 18 ನಿಮಿಷ, ನಿಜದಲ್ಲಿ ಇನ್ನೂ ಹೆಚ್ಚು. 10 ಗಿಗಾಬಿಟ್ ಇದ್ದಿದ್ದರೆ ಲೆಕ್ಕಕ್ಕೆ ಒಂದು ನಿಮಿಷವೂ ಬೇಡ. ಇದರ ಮೈಮೇಲೆ ಒಂದು ಅಂಕಿ ಅಚ್ಚು ಹಾಕಿದ್ದರೆ ಮಾಡಿದವರ ಗಂಟೇನು ಹೋಗುತ್ತಿತ್ತು?

ಹೆಸರಾದರೂ ನೆಟ್ಟಗಿದೆಯೇ? ನೆಟ್‌ವರ್ಕ್‌ನವರಿಗೆ ಪೋರ್ಟ್ ಎಂದರೆ ಕಿಂಡಿಯೂ ಅಲ್ಲ, ಬರೀ ಸಂಖ್ಯೆ, 0ಯಿಂದ 65535ರವರೆಗೆ. ನೀವು ಸುರಕ್ಷಿತ ಜಾಲತಾಣ ತೆರೆದಾಗ ಬ್ರೌಸರ್ ಸಾಮಾನ್ಯವಾಗಿ 443ನ್ನು ತಟ್ಟುತ್ತದೆ. ಒಂದು ಸಿಸ್ಟಂಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುವಂತೆ ತಿದ್ದಿದರೆ ಅದೂ ಪೋರ್ಟ್. ನಂಬರ್ ಉಳಿಸಿಕೊಂಡು ಮೊಬೈಲ್ ಕಂಪನಿ ಬದಲಿಸಿದರೆ ಅದೂ ಪೋರ್ಟ್. ‘ಪೋರ್ಟ್ ಕೆಲಸ ಮಾಡುತ್ತಿಲ್ಲ’ ಎಂದು ಯಾರಾದರೂ ಸಂದೇಶ ಕಳಿಸಿದರೆ ನಾನು ನೆಟ್‌ವರ್ಕ್ ಕಾಯುವ ಫೈರ್‌ವಾಲ್ ನೋಡಲೋ, ಕಡ್ಡಿ ಹಾಕಿ ಧೂಳು ತೆಗೆಯಲೋ?

ಹಡಗಿನವರೇ ವಾಸಿ. ಹಿಂದೆ ಇಂಗ್ಲಿಷ್ ನಾವಿಕರು ಹಡಗಿನ ಬಲಮಗ್ಗುಲಿಗೆ ಸ್ಟಾರ್‌ಬೋರ್ಡ್, ಎಡಕ್ಕೆ ಲಾರ್ಬೋರ್ಡ್ ಎನ್ನುತ್ತಿದ್ದರು. ಬಿರುಗಾಳಿಯಲ್ಲಿ ಕೂಗಿದರೆ ಯಾವುದು ಯಾವುದೋ! ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ, ಎಡಕ್ಕೆ ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಹೊರಡಿಸಿತು. ನೋಡಿ, ಅಲ್ಲಿ ಗೊಂದಲ ಬಿಡಿಸಿದ್ದೇ ಈ ಪದ. ಹಾಗಾದರೆ ಪಾಪ, ಅದನ್ನು ಬೈಯುವುದು ಬೇಡ, ಕೇಬಲ್ ಮಾಡಿದವರನ್ನೇ ಬೈಯೋಣ. ಅಂದಹಾಗೆ, ರಾತ್ರಿ ಹಡಗಿನ ಪೋರ್ಟ್ ಮಗ್ಗುಲಿಗೆ ಕೆಂಪು ದೀಪ, ಬಲಕ್ಕೆ ಹಸಿರು. ವಿಮಾನದ ರೆಕ್ಕೆಗಳಿಗೂ ಅದೇ ನಿಯಮ, ಮತ್ತೆ...

ಓ, ಶಾಟ್ ಬದಲಾಯಿತು. ಈಗ ಕಾಣುತ್ತಿರುವುದು ಗಿಡ್ಡ, ದಪ್ಪ ಕೇಬಲ್. ತುದಿಯಲ್ಲಿ 40 ಎಂದು ಅಚ್ಚಾಗಿದೆ. ಕ್ಯಾಮೆರಾದ ಪೋರ್ಟ್ ಎಷ್ಟರದ್ದೋ, ಚುಚ್ಚಿಯೇ ನೋಡಬೇಕು.